ಕಣ್ಣಿನ ಡಾಕ್ಟರ್ ಎಂ. ಸಿ. ಮೋದಿ

ನಮ್ಮ ಮನೆಯಲ್ಲಿ ಇದಕ್ಕೆ ಮೋತಿಬಿಂದು ಎನ್ನುತ್ತಾರೆ, ಕನ್ನಡದಲ್ಲಿ ಕಣ್ಣಿನ ಪೊರೆ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಮಂಜಾಗುತ್ತದೆ. ಬೆಳಕು ಒಳಗೆ ಹೋಗುವುದಿಲ್ಲ, ಮನುಷ್ಯ ನಿಧಾನವಾಗಿ ಕುರುಡನಾಗುತ್ತಾನೆ. ಭೌತಶಾಸ್ತ್ರದಲ್ಲಿ ಮಸೂರದ ಲೆಕ್ಕಗಳನ್ನು ಮಾಡುವ ನಾವು ಈ ಒಂದು ಮಸೂರಕ್ಕಾಗಿಯೇ ಐವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದ ಒಬ್ಬ ಕನ್ನಡಿಗರ ಬಗ್ಗೆ ಓದಿರುವುದು ಕಡಿಮೆ. ಅವರೇ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ.

ಹೆಸರು ಕೇಳಿ ಗುಜರಾತಿನವರು ಎಂದುಕೊಳ್ಳಬೇಡಿ. ಅವರು ಹುಟ್ಟಿದ್ದು 1916ರಲ್ಲಿ, ಬೀಳಗಿಯಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ, ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ನಮ್ಮ ಬೀದರ್ ನಿಜಾಮರ ಆಳ್ವಿಕೆಯಲ್ಲಿದ್ದರೆ ಅವರ ಊರು ಮುಂಬೈ ಪ್ರಾಂತಕ್ಕೆ ಸೇರಿತ್ತು. ಕಣ್ಣಿನ ವೈದ್ಯರಾದ ಮೇಲೆ ಪಟ್ಟಣದಲ್ಲೇ ಉಳಿದು ಹಣ ಗಳಿಸಬಹುದಿತ್ತು. ಆದರೆ ಅದು ಕ್ವಿಟ್ ಇಂಡಿಯಾ ಚಳವಳಿಯ ಕಾಲ. ಗಾಂಧೀಜಿಯವರ ಪ್ರಭಾವ ಈ ಯುವ ವೈದ್ಯರ ಮೇಲೂ ಆಗಿತ್ತು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಮೊದಲ ಉಚಿತ ನೇತ್ರ ಶಿಬಿರ ನಡೆಸಿದರು. ಮುಂದೆ ದಾವಣಗೆರೆಯನ್ನು ತಮ್ಮ ಕೇಂದ್ರ ಮಾಡಿಕೊಂಡರು. ಬೆಂಗಳೂರಿನಲ್ಲಿ ಇಂದಿಗೂ ಮೋದಿ ಆಸ್ಪತ್ರೆ ರಸ್ತೆ ಎಂದು ಒಂದು ರಸ್ತೆ ಇದೆ. ಅದು ಇವರದೇ ಹೆಸರು.

ಕುರುಡರನ್ನು ಆಸ್ಪತ್ರೆಗೆ ಕರೆಯುವ ಬದಲು ಡಾಕ್ಟರೇ ಊರಿಗೆ ಏಕೆ ಹೋಗಬೇಕು? ಔರಾದ್ ಕಡೆಯ ಒಂದು ಹಳ್ಳಿಯನ್ನು ನೆನೆಸಿಕೊಂಡರೆ ಸಾಕು. ಕಣ್ಣು ಕಾಣದ ಮುದುಕಿ ಒಬ್ಬಳೇ ಬಸ್ಸು ಹತ್ತಲಾರಳು. ಜೊತೆಗೆ ಮಗ ಬರಬೇಕು, ಅವನ ಕೂಲಿ ಹೋಗುತ್ತದೆ. ಆಗ ಆಪರೇಷನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲುಗಾಡಿಸದೆ ಹಲವು ದಿನ ಮಲಗಿರಬೇಕಿತ್ತು. ಪಟ್ಟಣದಲ್ಲಿ ಅಷ್ಟು ದಿನ ಊಟ, ವಸತಿ ಯಾರು ಕೊಡುತ್ತಾರೆ? ಹೀಗಾಗಿ ವಾಸಿಯಾಗಬಲ್ಲ ಕುರುಡುತನವನ್ನೇ ಹಣೆಬರಹ ಎಂದುಕೊಂಡು ಜನ ಮೂಲೆಯಲ್ಲಿ ಕೂತುಬಿಡುತ್ತಿದ್ದರು.

ಮೋದಿಯವರ ಕೈಚಳಕದ ಹಿಂದೆ ದೊಡ್ಡ ಪರಂಪರೆ ಇದೆ. ಸುಶ್ರುತರ ಕಾಲದಿಂದಲೂ ಮಂಜಾದ ಮಸೂರವನ್ನು ಸೂಜಿಯಿಂದ ಪಕ್ಕಕ್ಕೆ ತಳ್ಳುತ್ತಿದ್ದರು, ಅದು ಕಣ್ಣಿನೊಳಗೇ ಉಳಿಯುತ್ತಿತ್ತು. ಅದನ್ನು ಹೊರತೆಗೆಯುವ ವಿಧಾನವನ್ನು 18ನೇ ಶತಮಾನದಲ್ಲಿ ಫ್ರಾನ್ಸಿನ ಡೇವಿಯಲ್ ಬೆಳೆಸಿದರು. ಆಮೇಲೆ ಬಂದವರು ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ. ಅವರು 1828ರಲ್ಲಿ ಹುಟ್ಟಿ, ಬರೀ 42 ವರ್ಷ ಬದುಕಿ, ಕ್ಷಯರೋಗದಿಂದ ತೀರಿಕೊಂಡರು. 1857ರಲ್ಲಿ ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದವರು ಅವರೇ. ಪೊರೆ ತೆಗೆಯಲು ಅವರು ರೂಪಿಸಿದ ಸಣ್ಣ, ಉದ್ದನೆಯ ಚಾಕು ಸುಮಾರು ನೂರು ವರ್ಷ ಜಗತ್ತಿನ ಕಣ್ಣಿನ ವೈದ್ಯರ ಕೈಯಲ್ಲಿತ್ತು. ಬಡವರನ್ನು ಅವರೂ ಉಚಿತವಾಗಿ ನೋಡುತ್ತಿದ್ದರು. ಆದರೆ ರೋಗಿಗಳು ದೇಶ ದೇಶಗಳಿಂದ ಬರ್ಲಿನ್ನಿಗೆ ಹೋಗಬೇಕಿತ್ತು. ನಮ್ಮ ಬೀಳಗಿಯ ಡಾಕ್ಟರ್ ಅದನ್ನು ತಿರುಗುಮುರುಗು ಮಾಡಿದರು.

1968ರಲ್ಲಿ ತಿರುಪತಿಯಲ್ಲಿ ಮೋದಿಯವರು ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆ. ದಿನಕ್ಕೆ 1440 ನಿಮಿಷ. ಊಟ, ನಿದ್ದೆ ಬಿಟ್ಟು ದುಡಿದರೂ ಒಂದು ಕಣ್ಣಿಗೆ ಎರಡು ನಿಮಿಷವೂ ಸಿಗುವುದಿಲ್ಲ. ನನಗೆ ಮೊದಲು ಇದು ನಂಬಲಾಗಲಿಲ್ಲ. ಶಿಬಿರದ ರೀತಿ ತಿಳಿದ ಮೇಲೆ ಅರ್ಥವಾಯಿತು. ರೋಗಿಯನ್ನು ಮಲಗಿಸುವುದು, ಕಣ್ಣು ತೊಳೆಯುವುದು, ಮರಗಟ್ಟುವ ಔಷಧಿ ಹಾಕುವುದು, ಕೊನೆಗೆ ಪಟ್ಟಿ ಕಟ್ಟುವುದು, ಇವೆಲ್ಲ ಸಹಾಯಕರ ಕೆಲಸ. ಡಾಕ್ಟರ್ ಕೈಗೆ ಉಳಿಯುವುದು ಕಣ್ಣು ಕೊಯ್ದು ಮಸೂರ ತೆಗೆಯುವ ಆ ಕ್ಷಣ ಮಾತ್ರ. ಒಂದು ಮೇಜಿನಲ್ಲಿ ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಸಿದ್ಧ.

ಆದರೂ ನನ್ನ ಮಟ್ಟಿಗೆ 833ಕ್ಕಿಂತ ದೊಡ್ಡ ಲೆಕ್ಕ ಬೇರೆ ಇದೆ. 1993ರ ಫೆಬ್ರವರಿವರೆಗೆ ಅವರು ಹೋದ ಹಳ್ಳಿಗಳು 46,120. ನೋಡಿದ ರೋಗಿಗಳು ಒಂದು ಕೋಟಿ 21 ಲಕ್ಷಕ್ಕೂ ಹೆಚ್ಚು. ಮಾಡಿದ ಶಸ್ತ್ರಚಿಕಿತ್ಸೆ 6,10,564. ಭಾಗಿಸಿ ನೋಡಿ: ಐವತ್ತು ವರ್ಷ, ದಿನಕ್ಕೆ ಸರಾಸರಿ 33 ಆಪರೇಷನ್, ರಜೆಯೇ ಇಲ್ಲದೆ. ಇನ್ನೊಂದು ಲೆಕ್ಕವೂ ಇದೆ. ನೋಡಿದ ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಚಾಕು ಹಿಡಿದಿದ್ದಾರೆ. ಉಳಿದ ಹತ್ತೊಂಬತ್ತು ಜನರ ಕಣ್ಣನ್ನೂ ಯಾರಾದರೂ ನೋಡಲೇಬೇಕಿತ್ತಲ್ಲ! ದಾಖಲೆಯ ಬಗ್ಗೆ ಬರೆಯುವವರು ಈ ಕೆಲಸವನ್ನು ಮರೆಯುತ್ತಾರೆ.

ಸರ್ಕಾರ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು.

ಆ ಕಾಲದ ಆಪರೇಷನ್ನಿಗೆ ಮಿತಿಗಳೂ ಇದ್ದವು. ಮಸೂರ ತೆಗೆದ ಜಾಗದಲ್ಲಿ ಬೇರೆ ಮಸೂರ ಕೂರಿಸುತ್ತಿರಲಿಲ್ಲ. ಅದಕ್ಕೇ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಬೇಕಿತ್ತು. ನಮ್ಮ ದಾದಿಯ ಅಮ್ಮನಿಗೆ ಅಂಥದೇ ಕನ್ನಡಕ ಇತ್ತಂತೆ. ಅದು ಜಾರಿ ಬಿದ್ದರೆ ಮನೆಯವರೆಲ್ಲ ಹುಡುಕಬೇಕು, ಏಕೆಂದರೆ ಅದಿಲ್ಲದೆ ಅವರಿಗೆ ಅದನ್ನೇ ಹುಡುಕಲು ಆಗುತ್ತಿರಲಿಲ್ಲ. ಇನ್ನೊಂದು ಭಯ ಸೋಂಕಿನದು. ಶಾಲೆಯ ಕೋಣೆಯಲ್ಲಿ, ಛತ್ರದಲ್ಲಿ ಸಾಲಾಗಿ ಆಪರೇಷನ್ ಮಾಡುವಾಗ ಒಂದು ಔಷಧಿ ಅಥವಾ ಉಪಕರಣ ಕೆಟ್ಟರೆ ಆ ಸಾಲಿನ ಎಷ್ಟೋ ಕಣ್ಣುಗಳು ಒಟ್ಟಿಗೆ ಹೋಗಬಹುದು. ಅದಕ್ಕೇ ಇಂದು ತಪಾಸಣೆ ಊರಲ್ಲಿ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲಿ. ಇದು ಸರಿಯಾದ ಬದಲಾವಣೆ ಎಂದೇ ನನ್ನ ಅಭಿಪ್ರಾಯ. ಹಾಗೆಂದು ಮೋದಿಯವರು ಮಾಡಿದ್ದು ತಪ್ಪಾಗುವುದಿಲ್ಲ. 1943ರಲ್ಲಿ ಆ ಹಳ್ಳಿಗಳ ಹತ್ತಿರ ಥಿಯೇಟರ್ ಎಲ್ಲಿತ್ತು?

2005ರ ನವೆಂಬರ್ 11ರಂದು, 89ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ಬಹಳ ಜನ ಆಗ ಹುಟ್ಟಿರಲಿಲ್ಲ. ಚಿದ್ರಿಯಲ್ಲಿ ನೀಟ್ ಪರೀಕ್ಷೆಗೆ ಓದುತ್ತಿರುವ ನನ್ನ ಗೆಳೆಯರು ಯಾವ ವಿಭಾಗದ ಡಾಕ್ಟರಾಗಬೇಕು ಎಂದು ದಿನವೂ ಚರ್ಚಿಸುತ್ತಾರೆ. ಹೃದಯ ಎನ್ನುವವರು ಹೆಚ್ಚು, ಮೆದುಳು ಎನ್ನುವವರೂ ಇದ್ದಾರೆ. ಕಣ್ಣು ಎಂದವರು ಇದುವರೆಗೆ ಇಬ್ಬರೇ. ಅವರಲ್ಲಿ ಒಬ್ಬಳ ಊರು ಭಾಲ್ಕಿ ಹತ್ತಿರದ ಒಂದು ಹಳ್ಳಿ, ಅಲ್ಲಿಗೆ ಹೋಗುವ ಕೊನೆಯ ಬಸ್ಸು ಸಂಜೆಗೇ ಹೊರಟುಬಿಡುತ್ತದೆ.