ಕಿಹಿಮ್‌ನ ಗೀಜಗ ಮತ್ತು ಕೆಲಸ ಹೋದ ಸಲೀಂ ಅಲಿ

ಮೇ ತಿಂಗಳು ಬಂತೆಂದರೆ ನಮ್ಮಂಥ ಹೊರನಾಡ ಕನ್ನಡಿಗರ ಮನೆಗಳಲ್ಲಿ ಒಂದೇ ಪ್ರಶ್ನೆ. ಮಕ್ಕಳಿಗೆ ರಜೆ, ಎಲ್ಲಿಗೆ ಹೋಗುವುದು? ಊರಿನಲ್ಲಿ ಅಜ್ಜಿಯ ಮನೆ ಇರುವವರಿಗೆ ಉತ್ತರ ಹುಡುಕಬೇಕಿಲ್ಲ, ರೈಲಿನ ಟಿಕೆಟ್ ಸಿಕ್ಕರೆ ಸಾಕು. ತವರಿನ ಬಾಗಿಲು ಮುಚ್ಚಿದವರ ಕಥೆ ಬೇರೆ. ಅಮ್ಮ ತೀರಿಕೊಂಡ ಮೇಲೆ ಪಾಂಡವಪುರದ ನಮ್ಮ ಮನೆ ಪಾಲಾಗಿ, ಕೈಬದಲಾಗಿ, ಈಗ ಅಲ್ಲಿ ಬೇರೆಯವರ ಹೆಸರಿನ ಫಲಕವಿದೆ. ಮಾವಿನ ಮರ, ನಾಲೆಯ ಈಜು, ರಂಗನತಿಟ್ಟಿನ ದೋಣಿ ಇವೆಲ್ಲ ನನ್ನ ಬಾಲ್ಯದ ಬೇಸಿಗೆಗಳು. ನನ್ನ ಇಬ್ಬರು ಮಕ್ಕಳಿಗೆ ಅವನ್ನು ಕೊಡಲು ನನ್ನ ಬಳಿ ಊರೇ ಇಲ್ಲವಲ್ಲ ಎಂಬ ಕೊರಗು ಕೆಲವು ವರ್ಷ ಕಾಡಿತು. ಆ ಕೊರಗಿಗೆ ಸಮಾಧಾನ ಸಿಕ್ಕಿದ್ದು ಒಬ್ಬ ಮುಂಬೈಕರನ ಬದುಕಿನಲ್ಲಿ. ಅವರೇ ಹಕ್ಕಿಗಳ ಸಲೀಂ ಅಲಿ.

ಸಲೀಂ ಅಲಿ ಎಂದರೆ ನಮಗೆ ನೆನಪಾಗುವುದು ಕುರುಚಲು ಗಡ್ಡದ, ಕೊರಳಲ್ಲಿ ಬೈನಾಕ್ಯುಲರ್ ತೂಗಿಹಾಕಿಕೊಂಡ ತೆಳ್ಳಗಿನ ಅಜ್ಜ. ಪದ್ಮವಿಭೂಷಣ, ರಾಜ್ಯಸಭೆಯ ಸದಸ್ಯತ್ವ, ದಪ್ಪ ದಪ್ಪ ಪುಸ್ತಕಗಳು. ಆದರೆ ಅವರ ಬದುಕಿನ ಮೊದಲರ್ಧವನ್ನು ನೋಡಿದರೆ ಅದು ಒಂದು ರೀತಿಯಲ್ಲಿ ನೆಲೆ ತಪ್ಪಿದವನ ಕಥೆ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ದೊಡ್ಡ ಸಂಸಾರದ ಕೊನೆಯ ಕೂಸು. ವರ್ಷ ತುಂಬುವಷ್ಟರಲ್ಲಿ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಮಕ್ಕಳನ್ನೆಲ್ಲ ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಗಿರಗಾಂವ್ ಪಕ್ಕದ ಖೇತವಾಡಿಯ ಆ ಮನೆಯೇ ಹುಡುಗನ ಮನೆಯಾಯಿತು. ರಜೆಗೆ ಮನೆಯವರೆಲ್ಲ ಚೆಂಬೂರಿಗೆ ಹೋಗುತ್ತಿದ್ದರು. ಇವತ್ತು ಚೆಂಬೂರಿನಲ್ಲಿ ಕನ್ನಡಿಗರಿಗೇನೂ ಬರವಿಲ್ಲ, ಇಡ್ಲಿ-ವಡೆಗೂ ಬರವಿಲ್ಲ. ಆಗ ಅಲ್ಲಿ ಇದ್ದದ್ದು ಗುಡ್ಡ, ಕಾಡು ಮತ್ತು ಹಕ್ಕಿ. ತಂದೆ-ತಾಯಿ ಇಲ್ಲದ ಹುಡುಗನಿಗೆ ಬೇಸಿಗೆ ಎಂದರೆ ಏನೆಂದು ತೋರಿಸಿದ್ದು ಸೋದರಮಾವನ ಬಳಗ.

ಮಾವ ಬೇಟೆಗಾರ. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಒಂದು ದಿನ ಅವನು ಹೊಡೆದುರುಳಿಸಿದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಮಚ್ಚೆ ಇತ್ತು. ಇದೇನು ಜಾತಿ ಎಂದು ಮಾವನಿಗೂ ಗೊತ್ತಾಗಲಿಲ್ಲ. ಅವರು ಹುಡುಗನಿಗೆ ಒಂದು ಪರಿಚಯದ ಚೀಟಿ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಆಗ ಆ ಸಂಸ್ಥೆ ಇದ್ದದ್ದು ಕೋಟೆ ಪ್ರದೇಶದ ಒಂದು ಮದ್ಯ ವ್ಯಾಪಾರದ ಕಂಪನಿಯ ಕಟ್ಟಡದಲ್ಲಿ. 1908ರ ಸುಮಾರಿನ ಮಾತು. ಕಾರ್ಯದರ್ಶಿಯಾಗಿದ್ದ ಮಿಲ್ಲರ್ಡ್ ಎಂಬ ಇಂಗ್ಲಿಷ್ ದೊರೆ ಹುಡುಗನನ್ನು ಗದರಿಸಿ ಓಡಿಸಲಿಲ್ಲ. ಹಕ್ಕಿಯ ಹೆಸರು ಹೇಳಿ, ಕಪಾಟುಗಳ ಬಾಗಿಲು ತೆರೆದು, ಒಂದೊಂದಾಗಿ ಸಂಗ್ರಹದ ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ದೊಡ್ಡವರೊಬ್ಬರು ಮಗುವಿನ ಪ್ರಶ್ನೆಗೆ ಅರ್ಧ ದಿನ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಹಾಗೆಂದು ದಾರಿ ಸಲೀಸಾಗಿರಲಿಲ್ಲ. ಓದಿನಲ್ಲಿ ಸಲೀಂ ಹೇಳಿಕೊಳ್ಳುವಂಥ ಜಾಣನಾಗಿರಲಿಲ್ಲ. 1913ರಲ್ಲಿ ಮೆಟ್ರಿಕ್ ಮುಗಿಯಿತು. ಕಾಲೇಜು ಹಿಡಿಸಲಿಲ್ಲ. ಬರ್ಮಾದ ತಾವೋಯ್‌ನಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರವಿತ್ತು, ಅಲ್ಲಿಗೆ ಹೋದರು. ಗಣಿಗಿಂತ ಸುತ್ತಲಿನ ಕಾಡೇ ಹೆಚ್ಚು ಸೆಳೆಯಿತು. 1917ರಲ್ಲಿ ವಾಪಸು ಬಂದು ವಾಣಿಜ್ಯ ಕಾನೂನು, ಲೆಕ್ಕಪತ್ರ ಕಲಿತರು. ಜೊತೆಗೆ ಸೇಂಟ್ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರದ ಪಾಠವನ್ನೂ ಕೇಳಿದರು. 1918ರಲ್ಲಿ ತೆಹಮಿನಾ ಜೊತೆ ಮದುವೆಯಾಯಿತು. ಪದವಿ ಇಲ್ಲವೆಂಬ ಕಾರಣಕ್ಕೆ ಸರ್ಕಾರದ ಪ್ರಾಣಿ ಸರ್ವೇಕ್ಷಣ ಇಲಾಖೆಯ ಪಕ್ಷಿತಜ್ಞನ ಹುದ್ದೆ ಕೈತಪ್ಪಿತು. ಬಯೋಡೇಟಾದಲ್ಲಿ ಒಂದು ಗೆರೆ ಕಡಿಮೆಯಿದ್ದರೆ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದು ಪರವೂರಿನಲ್ಲಿ ಕೆಲಸ ಹುಡುಕಿದವರಿಗೆಲ್ಲ ಗೊತ್ತು.

1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ, ಅಂದರೆ ಇವತ್ತಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ವಿವರಿಸುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷ ಕಳೆದು ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಎರ್ವಿನ್ ಸ್ಟ್ರೆಸೆಮಾನ್ ಎಂಬ ಮಹಾ ಪಕ್ಷಿವಿಜ್ಞಾನಿಯ ಬಳಿ ಶಾಸ್ತ್ರೀಯವಾಗಿ ಕಲಿತರು. ಇಷ್ಟೆಲ್ಲ ಕಲಿತು 1930ರಲ್ಲಿ ಮುಂಬೈಗೆ ಮರಳಿದರೆ ಕುರ್ಚಿಯೇ ಇರಲಿಲ್ಲ. ಹಣವಿಲ್ಲವೆಂದು ಹುದ್ದೆಯನ್ನೇ ತೆಗೆದುಹಾಕಿದ್ದರು. ವಯಸ್ಸು 33. ಕೈಯಲ್ಲಿ ವಿದ್ಯೆ ಇದೆ, ಸಂಬಳವಿಲ್ಲ.

ಗಂಡ-ಹೆಂಡತಿ ಮುಂಬೈ ಬಿಟ್ಟು ಕೊಲ್ಲಿಯ ಆಚೆ ದಡದ ಕಿಹಿಮ್‌ಗೆ ಹೋದರು. ಅಲಿಬಾಗ್ ಹತ್ತಿರದ ಕಡಲೂರು ಅದು, ತ್ಯಾಬ್ಜಿ ಬಳಗ ರಜೆ ಕಳೆಯುತ್ತಿದ್ದ ಜಾಗ. ಬೇಸಿಗೆಯ ಮೋಜಿನ ಊರು ಈಗ ಕೆಲಸವಿಲ್ಲದವನ ಆಸರೆಯಾಯಿತು. ಬೇರೆಯವರಾಗಿದ್ದರೆ ದಿನವೂ ಸಮುದ್ರ ನೋಡಿ ನಿಟ್ಟುಸಿರು ಬಿಡುತ್ತಿದ್ದರೋ ಏನೋ. ಸಲೀಂ ಅಲಿ ನೋಡಿದ್ದು ಗೀಜಗಗಳನ್ನು. ಮಳೆಗಾಲದಲ್ಲಿ ಅವು ಗುಂಪಾಗಿ ಗೂಡು ಕಟ್ಟುತ್ತಿದ್ದವು. ಇವರು ದಿನಗಟ್ಟಲೆ, ವಾರಗಟ್ಟಲೆ ಹತ್ತಿರದಿಂದ ನೋಡುತ್ತಾ ಬರೆದುಕೊಳ್ಳುತ್ತಾ ಹೋದರು.

ಆ ಹಕ್ಕಿಯನ್ನು ನಮ್ಮ ದೇಶದ ಜನ ಸಾವಿರಾರು ವರ್ಷಗಳಿಂದ ನೋಡಿದ್ದಾರೆ. ಆದರೆ ಅದರ ಸಂಸಾರದ ಗುಟ್ಟನ್ನು ಸರಿಯಾಗಿ ಬಿಡಿಸಿ ಹೇಳಿದ್ದು ಆ ವರ್ಷದ ಕಿಹಿಮ್ ಟಿಪ್ಪಣಿಗಳು. ಗೂಡು ಕಟ್ಟುವುದು ಗಂಡು. ಅದೂ ಪೂರ್ತಿ ಕಟ್ಟುವುದಿಲ್ಲ, ಅರ್ಧ ಕಟ್ಟಿ ನಿಲ್ಲಿಸಿ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆದು, ಜಗ್ಗಿ ಪರೀಕ್ಷೆ ಮಾಡುತ್ತದೆ. ಒಪ್ಪಿಗೆಯಾದರೆ ಮಾತ್ರ ಗಂಡು ಉಳಿದರ್ಧ ಮತ್ತು ಕೆಳಗೆ ಇಳಿಬಿದ್ದ ಕೊಳವೆಯನ್ನು ಮುಗಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವು ಕೊಡಲು ಕೂತಿತೋ, ಗಂಡು ಪಕ್ಕದಲ್ಲೇ ಇನ್ನೊಂದು ಗೂಡಿಗೆ ಹುಲ್ಲು ತರಲು ಶುರು. ಒಂದರ ಹಿಂದೊಂದು ಸಂಸಾರ. 1931ರಲ್ಲಿ ಸೊಸೈಟಿಯ ಜರ್ನಲ್‌ನಲ್ಲಿ ಪ್ರಕಟವಾದ ಈ ಅಧ್ಯಯನ ಅವರಿಗೆ ಹೆಸರು ತಂದಿತು. ನಿರುದ್ಯೋಗದ ಒಂದು ಮಳೆಗಾಲ, ರಜೆಯ ಊರು, ಎಲ್ಲರ ಕಣ್ಣಿಗೂ ಬೀಳುವ ಸಾಮಾನ್ಯ ಹಕ್ಕಿ, ಬಂಡವಾಳ ಇಷ್ಟೇ.

ಇದನ್ನು ಓದಿದ ಮೇಲೆ ಕಳೆದ ಮೇನಲ್ಲಿ ನಾವು ನಾಲ್ವರೂ ಭಾವುಚಾ ಧಕ್ಕಾದಿಂದ ರೋ-ರೋ ಹಡಗು ಹತ್ತಿ ಮಾಂಡವಾದಲ್ಲಿ ಇಳಿದು ಕಿಹಿಮ್‌ಗೆ ಹೋಗಿದ್ದೆವು. ಮಗನ ಕೈಯಲ್ಲಿ ಅವನಪ್ಪನ ಹಳೆಯ ಕ್ಯಾಮೆರಾ. ಗೂಡು ಕಟ್ಟುವ ಕಾಲ ಇನ್ನೂ ಬಂದಿರಲಿಲ್ಲ. ಹೋದ ವರ್ಷದ ಒಣಗಿದ ಗೂಡುಗಳು ತಾಳೆಮರದಲ್ಲಿ ತೂಗುತ್ತಿದ್ದವು, ಕೆಲವು ಗಂಡುಗಳ ನೆತ್ತಿ ಹಳದಿಗೆ ತಿರುಗತೊಡಗಿತ್ತು. ನಾನು ಗೀಜಗ ಎಂದೆ. ಮಗಳು ಅದು ಸುಗರಣ್ ಎಂದಳು. ಶಾಲೆಯ ಮರಾಠಿಯಲ್ಲಿ ಅವಳು ಕಲಿತದ್ದು ಆ ಹೆಸರು. ಸುಗರಣ್ ಎಂದರೆ ಮನೆಗೆಲಸದಲ್ಲಿ ನಿಪುಣೆಯಾದ ಹೆಂಗಸು. ಗೂಡು ಕಟ್ಟುವುದು ಗಂಡು ಎಂದು ನಾನು ಹೇಳಿದಾಗ ಅವಳಿಗೆ ಬಲು ಖುಷಿ. ಅಪ್ಪನ ಕಡೆ ತಿರುಗಿ ನಕ್ಕಳು. ಎರಡು ಭಾಷೆಯ ಎರಡು ಹೆಸರೂ ಆ ಮಧ್ಯಾಹ್ನ ಅವಳದಾದವು. ಪಾಂಡವಪುರದ ಬೇಸಿಗೆಯನ್ನು ಕೊಡಲಾಗದಿದ್ದರೂ ಗೀಜಗ ಎಂಬ ಮಾತನ್ನು ಅದರ ಹಕ್ಕಿಯ ಸಮೇತ ಕೊಟ್ಟೆನಲ್ಲ ಎಂದು ನನಗೂ ಹಗುರಾಯಿತು.

ಕಿಹಿಮ್ ನಂತರ ಸಲೀಂ ಅಲಿ ಯಾರೂ ಕೊಡದ ಕೆಲಸವನ್ನು ತಾವೇ ಹುಟ್ಟಿಸಿಕೊಂಡರು. ಸಂಸ್ಥಾನಗಳಿಗೆ ಅವರು ಇಟ್ಟ ಬೇಡಿಕೆ ಸರಳವಾಗಿತ್ತು. ಓಡಾಟದ, ಬಿಡಾರದ ಖರ್ಚು ನೋಡಿಕೊಂಡರೆ ಸಾಕು, ಸಂಬಳವಿಲ್ಲದೆ ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ. ಮೊದಲು ಹೈದರಾಬಾದ್, ಆಮೇಲೆ ತಿರುವಾಂಕೂರು, ಕೊಚ್ಚಿ. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದ್ದವು. ಈ ಅಲೆದಾಟದಲ್ಲಿ ತೆಹಮಿನಾ ಜೊತೆಗಿರುತ್ತಿದ್ದರು. ಇಂಗ್ಲೆಂಡಿನಲ್ಲಿ ಓದಿದ, ಅನುಕೂಲದ ಮನೆಯ ಹೆಣ್ಣುಮಗಳು ಕಾಡಿನ ಬಿಡಾರಗಳಲ್ಲಿ ಸಂಸಾರ ಹೂಡಿದರು. ಗಂಡನ ಇಂಗ್ಲಿಷ್ ಬರವಣಿಗೆಯನ್ನು ತಿದ್ದಿ ತೀಡಿದವರೂ ಅವರೇ. ಮಕ್ಕಳಿರಲಿಲ್ಲ. ಇಬ್ಬರ ಆ ಸಂಸಾರವೇ ಒಂದು ಉದ್ದನೆಯ ಹೊರಸಂಚಾರದಂತಿತ್ತು.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹಮಿನಾ ತೀರಿಕೊಂಡರು. ಸಲೀಂ ಅಲಿ ಬಾಂದ್ರಾದ ಪಾಲಿ ಹಿಲ್‌ನಲ್ಲಿದ್ದ ತಂಗುದಾಣಕ್ಕೆ, ಅಂದರೆ ಅಕ್ಕ ಕಮೂ ಮತ್ತು ಭಾವನ ಮನೆಗೆ ಬಂದರು. ಮುಂದಿನ ಬದುಕಿಡೀ ಮರುಮದುವೆಯ ಮಾತಿಲ್ಲ. ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ನಡೆದದ್ದು ಆ ದುಃಖ ಇನ್ನೂ ಹಸಿಯಾಗಿದ್ದಾಗ, 1939–40ರಲ್ಲಿ. ನಮ್ಮ ಬೆಟ್ಟ, ಕೆರೆ, ಹೊಳೆದಂಡೆಗಳನ್ನು ಅವರು ತೆಹಮಿನಾ ಇಲ್ಲದೆ ಸುತ್ತಿದರು.

ಶ್ರೀರಂಗಪಟ್ಟಣದ ಪಕ್ಕ ಕಾವೇರಿಯಲ್ಲಿ ಕಟ್ಟೆಯಿಂದಾಗಿ ಉಂಟಾದ ಪುಟ್ಟ ನಡುಗಡ್ಡೆಗಳಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಮರಿ ಮಾಡುವುದನ್ನು ಅವರು ಕಂಡರು. ಇದನ್ನು ಕಾಪಾಡಬೇಕೆಂದು ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಬಾಲ್ಯದಲ್ಲಿ ಪ್ರತಿ ಬೇಸಿಗೆ ದೋಣಿಯಲ್ಲಿ ಕೂತು ಚಮಚದ ಕೊಕ್ಕಿನ ಹಕ್ಕಿಗಳನ್ನೂ ಬಂಡೆಯ ಮೇಲಿನ ಮೊಸಳೆಗಳನ್ನೂ ಬಾಯಿ ಬಿಟ್ಟು ನೋಡುತ್ತಿದ್ದ ನನಗೆ ಈ ಜಾಗ ಉಳಿದದ್ದರ ಹಿಂದೆ ಮುಂಬೈಯ ಒಬ್ಬ ಮನುಷ್ಯ ಇದ್ದಾನೆಂದು ಗೊತ್ತೇ ಇರಲಿಲ್ಲ. ಅದೇ ಮುಂಬೈಗೆ ನಾನು ಹೊಟ್ಟೆಪಾಡಿಗೆ ಬಂದು ಸೇರಿದೆ. ನನ್ನ ಊರಿನ ಹಕ್ಕಿಗಳಿಗೆ ಈ ಊರಿನವರು ಮಾಡಿದ ಉಪಕಾರ ಗೊತ್ತಾದ ಮೇಲೆ ಇಲ್ಲಿಯ ಮಳೆ, ಲೋಕಲ್, ನೂಕುನುಗ್ಗಲು ಎಲ್ಲದರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

1941ರಲ್ಲಿ ಅವರ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಬಂತು. ಹಕ್ಕಿ ನೋಡುವುದು ದೊರೆಗಳ ಹವ್ಯಾಸವಾಗಿದ್ದ ಕಾಲದಲ್ಲಿ ಬಣ್ಣದ ಚಿತ್ರಗಳೊಂದಿಗೆ ಜನಸಾಮಾನ್ಯರ ಕೈಗೆ ಸಿಕ್ಕ ಪುಸ್ತಕ ಅದು. ಮುಂದೆ ಅಮೆರಿಕದ ಡಿಲ್ಲನ್ ರಿಪ್ಲೆ ಜೊತೆ ಸೇರಿ 1968ರಿಂದ 1974ರವರೆಗೆ 10 ಸಂಪುಟಗಳ ಕೈಪಿಡಿ ತಂದರು. ಈ ನಡುವೆ ಮೋಟಾರ್‌ಸೈಕಲ್ ಹುಚ್ಚು ಬೇರೆ. 1950ರಲ್ಲಿ ಸ್ವೀಡನ್ನಿನ ಪಕ್ಷಿವಿಜ್ಞಾನ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ಅದರಲ್ಲೇ ಓಡಾಡಿದರು.

ಅವರ ಪೀಳಿಗೆಯ ಪಕ್ಷಿಶಾಸ್ತ್ರ ಕೋವಿಯ ಮೇಲೆ ನಿಂತಿತ್ತು ಎಂಬುದನ್ನು ಮರೆಯಬಾರದು. ಜಾತಿ ಗುರುತಿಸಲು, ಮ್ಯೂಸಿಯಂಗೆ ಮಾದರಿ ಕೊಡಲು ಹಕ್ಕಿಗಳನ್ನು ಹೊಡೆಯಲೇಬೇಕಿತ್ತು. ಸಲೀಂ ಅಲಿಯೂ ಹೊಡೆದರು. ಆದರೆ ಕ್ಯಾಮೆರಾದ ಕಾಲ ಬರುತ್ತಿತ್ತು. ಸಿಂಗಾಪುರದ ಸಿರಿವಂತ ಲೋಕ್ ವಾನ್ ಥೋ ಯುದ್ಧಕಾಲದಲ್ಲಿ ಭಾರತಕ್ಕೆ ಬಂದಿದ್ದಾಗ ಇವರ ಗೆಳೆಯನಾದ. ಮುಂದೆ ಕಛ್, ಸಿಕ್ಕಿಂಗಳಲ್ಲಿ ಇಬ್ಬರೂ ಜೊತೆಯಾಗಿ ತಿರುಗಿದರು. ಲೋಕ್ ಎತ್ತರದ ಅಟ್ಟಣೆ ಕಟ್ಟಿಸಿ, ಮರೆಯಲ್ಲಿ ಗಂಟೆಗಟ್ಟಲೆ ಕೂತು ಗೂಡಿನ ಹಕ್ಕಿಗಳ ಫೋಟೊ ತೆಗೆಯುತ್ತಿದ್ದ. ಇವರ ಯಾತ್ರೆಗಳಿಗೆ ಹಣದ ಆಸರೆಯೂ ಆದ. 1964ರಲ್ಲಿ ತೈವಾನಿನ ವಿಮಾನ ಅಪಘಾತದಲ್ಲಿ ಅವನೂ ಹೋದ. ಹತ್ತಿರದವರನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತಲೇ ಸಲೀಂ ಅಲಿ ನೋಡುವುದನ್ನು ಮಾತ್ರ ಬಿಡಲಿಲ್ಲ. ಭರತಪುರದ ಜೌಗು, ಕೇರಳದ ಮೌನಕಣಿವೆ ಉಳಿಯಲು ಅವರ ದನಿಯೂ ಕಾರಣ. ಬಂದ ದೊಡ್ಡ ಬಹುಮಾನದ ಹಣವನ್ನು ಸೊಸೈಟಿಗೇ ಕೊಟ್ಟರು. 1987ರ ಜೂನ್ 20ರಂದು, ಮುಂಗಾರಿನ ತಿಂಗಳಲ್ಲಿ, 90 ದಾಟಿದ ಅವರು ಮುಂಬೈಯಲ್ಲೇ ಕಣ್ಣು ಮುಚ್ಚಿದರು.

ಇವತ್ತು ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಒಂದು ಬೇಸಿಗೆ ಪ್ರವಾಸದಲ್ಲಿ ಐನೂರು ಫೋಟೊ ತೆಗೆಯುವುದು ಕಷ್ಟವಲ್ಲ. ಕಷ್ಟವಿರುವುದು ಒಂದೇ ಮರದ ಕೆಳಗೆ ಒಂದು ಗಂಟೆ ಕೂರುವುದರಲ್ಲಿ. ಗೂಡಿನ ಹತ್ತಿರ ಹೋಗಿ, ಅಡ್ಡ ಬಂದ ಎಲೆ-ಕೊಂಬೆ ಸರಿಸಿ ಫೋಟೊ ತೆಗೆದರೆ ತಾಯಿಹಕ್ಕಿ ಗೂಡು ಬಿಟ್ಟು ಹೋಗಬಹುದು, ತೆರೆದುಬಿದ್ದ ಮರಿ ಕಾಗೆಯ ಪಾಲಾಗಬಹುದು. ಚಿತ್ರ ಸ್ವಲ್ಪ ಮಸುಕಾದರೂ ಪರವಾಗಿಲ್ಲ, ದೂರ ಇರಲಿ. ಮಕ್ಕಳಿಗೆ ಈ ಒಂದು ಮಾತು ಹೇಳಿಕೊಟ್ಟು ಕ್ಯಾಮೆರಾ ಕೊಡಿ.

ಈ ರಜೆಗೆ ಊರಿಗೆ ಟಿಕೆಟ್ ಸಿಗದವರು, ಊರಲ್ಲಿ ಮನೆಯೇ ಉಳಿಯದವರು ಬೇಸರಪಡಬೇಡಿ. ಚೆನ್ನೈಯವರಿಗೆ ಪಳ್ಳಿಕ್ಕರಣೆಯ ಜೌಗಿದೆ, ದಿಲ್ಲಿಯವರಿಗೆ ಓಖ್ಲಾದ ಯಮುನಾ ದಂಡೆಯಿದೆ, ಪುಣೆಯವರಿಗೆ ಸಿಂಹಗಡದ ತಪ್ಪಲಿದೆ. ಬೆಳಿಗ್ಗೆ ಬೇಗ ಹೊರಡಿ, ನೀರು-ಬುತ್ತಿ ಕಟ್ಟಿಕೊಳ್ಳಿ, ಒಂದು ಸಣ್ಣ ನೋಟ್‌ಬುಕ್ ಇರಲಿ. ಕಂಡ ಹಕ್ಕಿಗೆ ಅಲ್ಲಿಯ ಜನ ಏನೆನ್ನುತ್ತಾರೆ ಕೇಳಿ ಬರೆಯಲಿ, ಪಕ್ಕದಲ್ಲೇ ಕನ್ನಡದ ಹೆಸರನ್ನೂ ಬರೆಸಿ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ ನೋಡಿ. ಅಷ್ಟರಲ್ಲಿ ಗೀಜಗಗಳು ಕೆಲಸ ಶುರು ಮಾಡಿರುತ್ತವೆ.