ಹಿಮದ ನಿರೀಕ್ಷೆ, ಹಿಮದ ಆಯ್ಕೆ: ವಿಲ್ಸನ್ ಬೆಂಟ್ಲಿಯ ಜೀವನ ಮತ್ತು ಸಂಗ್ರಹ

ಪ್ರಕೃತಿಯ ಒಂದೇ ವಿದ್ಯಮಾನವನ್ನು ಜೀವನಪರ್ಯಂತ ಕಾದು ನೋಡಿದವರ ಚರಿತ್ರೆಯಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ರೈತ ವಿಲ್ಸನ್ ಆಲ್ವಿನ್ ಬೆಂಟ್ಲಿಗೆ (1865–1931) ವಿಶಿಷ್ಟವಾದ ಸ್ಥಾನವಿದೆ. ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದ, ಯಾವ ಸಂಸ್ಥೆಯ ನೌಕರಿಯನ್ನೂ ಹಿಡಿಯದ ಈತ 47 ಚಳಿಗಾಲಗಳಲ್ಲಿ 5,000ಕ್ಕೂ ಹೆಚ್ಚು ಹಿಮಹರಳುಗಳ ಸೂಕ್ಷ್ಮಚಿತ್ರಗಳನ್ನು ತೆಗೆದನು. ಒಂದು ಹಿಮಹರಳು ಇನ್ನೊಂದರಂತೆ ಇರುವುದಿಲ್ಲ ಎಂದು ಇಂದು ಶಾಲೆಯ ಮಕ್ಕಳೂ ಹೇಳುವ ಮಾತು ಲೋಕಪ್ರಸಿದ್ಧವಾದುದು ಮುಖ್ಯವಾಗಿ ಇವನ ಚಿತ್ರಗಳಿಂದ. ಬೆಂಟ್ಲಿಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಅವನ ತಾಳ್ಮೆಯನ್ನೂ ಏಕಾಂತವನ್ನೂ ಕೊಂಡಾಡಿ ಮುಗಿಯುತ್ತವೆ. ಆದರೆ ಅವನ ಸಂಗ್ರಹವು ಹಿಮದ ನಿಜರೂಪದ ದಾಖಲೆಯೋ, ಒಬ್ಬ ಸೌಂದರ್ಯಾರಾಧಕನ ಆಯ್ಕೆಯೋ ಎಂಬ ಪ್ರಶ್ನೆ ಅವನ ಜೀವಿತಕಾಲದಲ್ಲಿಯೇ ಎದ್ದಿತ್ತು. ಸಂಗ್ರಹ, ಪಾಠಪರಿಷ್ಕರಣ ಮತ್ತು ಆಯ್ಕೆಗಳನ್ನೇ ನಿತ್ಯದ ಕಾಯಕವಾಗಿ ಉಳ್ಳ ಜ್ಞಾನಶಿಸ್ತುಗಳಿಗೆ ಈ ಪ್ರಶ್ನೆ ಹೊರಗಿನದಲ್ಲ.

ಮೊದಲಿಗೆ ಒಂದು ಪರಿಭಾಷೆಯ ಸ್ಪಷ್ಟನೆ ಅಗತ್ಯ. ಕನ್ನಡದ ಬಳಕೆಯಲ್ಲಿ ಮಂಜು ಎಂಬ ಪದವು ನೆಲದ ಮೇಲೆ ಕವಿಯುವ ಕಾವಳಕ್ಕೂ ಬೆಟ್ಟದ ಮೇಲಿನ ಹಿಮಕ್ಕೂ ಸಲ್ಲುತ್ತದೆ. ಇಲ್ಲಿ ಹಿಮಹರಳು ಎಂದರೆ ಮೋಡದೊಳಗಿನ ನೀರಾವಿಯು ದ್ರವರೂಪಕ್ಕೆ ಬಾರದೆ ನೇರವಾಗಿ ಘನೀಭವಿಸಿ ಬೆಳೆದ ಹರಳು. ಹನಿಗಳು ಹೆಪ್ಪುಗಟ್ಟಿ ಪದರ ಪದರವಾಗಿ ಬೆಳೆಯುವ ಆಲಿಕಲ್ಲು ಇದರಿಂದ ಬೇರೆ. ಹಿಮಹರಳಿನ ಆರು ಮೂಲೆಗಳ ರಹಸ್ಯವನ್ನು ಕುರಿತು ಯೋಹಾನೆಸ್ ಕೆಪ್ಲರ್ 1611ರಲ್ಲಿಯೇ ಒಂದು ಕಿರುಹೊತ್ತಗೆಯನ್ನು ಬರೆದಿದ್ದನು. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದ ನೆರವಿನಿಂದ ಇದರ ಆಕೃತಿಗಳನ್ನು ಚಿತ್ರಿಸಿದ್ದನು. ಇವರಿಬ್ಬರ ಮುಂದೆಯೂ ಇದ್ದ ತೊಡಕು ಒಂದೇ: ಹರಳು ಉಳಿಯುವುದಿಲ್ಲ. ನೋಡುವವನ ಉಸಿರು ತಾಗಿದರೂ ಸಾಕು, ಅದು ಅಳಿಯುತ್ತದೆ.

1

ಬೆಂಟ್ಲಿ ಹುಟ್ಟಿದ್ದು 1865ರ ಫೆಬ್ರವರಿ 9ರಂದು, ವರ್ಮಾಂಟಿನ ಜೆರಿಕೊ ಎಂಬ ಊರಿನ ಒಂದು ಹೈನುಗಾರಿಕೆಯ ಕುಟುಂಬದಲ್ಲಿ. ಪಶ್ಚಿಮಕ್ಕೆ ಶಾಂಪ್ಲೇನ್ ಸರೋವರ, ಪೂರ್ವಕ್ಕೆ ಗ್ರೀನ್ ಪರ್ವತಶ್ರೇಣಿ. ಇವೆರಡರ ನಡುವಣ ಈ ಪ್ರದೇಶದಲ್ಲಿ ಹಿಮಪಾತ ಹೇರಳ. ಅವನ ತಾಯಿ ಮದುವೆಗೆ ಮುನ್ನ ಶಾಲಾಶಿಕ್ಷಕಿಯಾಗಿದ್ದವಳು. ಹದಿನಾಲ್ಕು ವರ್ಷದವರೆಗೆ ಮಗನಿಗೆ ಮನೆಯಲ್ಲಿಯೇ ಪಾಠ ಹೇಳಿದವಳೂ, ತನ್ನ ಹಳೆಯ ಸೂಕ್ಷ್ಮದರ್ಶಕವನ್ನು ಅವನ ಕೈಗೆ ಕೊಟ್ಟವಳೂ ಆಕೆಯೇ. ನೀರಹನಿ, ಕಲ್ಲಿನ ಚೂರು, ಹಕ್ಕಿಯ ಗರಿ ಮೊದಲಾದವನ್ನು ನೋಡುತ್ತಿದ್ದ ಹುಡುಗನ ಕಣ್ಣು ಕೊನೆಗೆ ಹಿಮದ ಮೇಲೆ ನಿಂತಿತು. ಮೂರು ಚಳಿಗಾಲಗಳ ಕಾಲ ಅವನು ತಾನು ಕಂಡ ಹರಳುಗಳನ್ನು ಕೈಯಿಂದ ಬರೆದಿಡಲು ಯತ್ನಿಸಿದನು. ಚಿತ್ರ ಮುಗಿಯುವ ಮೊದಲೇ ಹರಳು ಕರಗುತ್ತಿತ್ತು.

ಸೂಕ್ಷ್ಮದರ್ಶಕಕ್ಕೆ ಜೋಡಿಸಬಹುದಾದ ಛಾಯಾಚಿತ್ರ ಯಂತ್ರವೊಂದು ದೊರೆಯುತ್ತದೆಂದು ತಿಳಿದಾಗ ಅವನಿಗೆ ಹದಿನೇಳು ವರ್ಷ. ಅದರ ಬೆಲೆ ಸುಮಾರು 100 ಡಾಲರ್. ಸಣ್ಣ ರೈತಾಪಿ ಕುಟುಂಬಕ್ಕೆ ಅದು ದೊಡ್ಡ ಮೊತ್ತ. ಹಿಮದ ಹಿಂದೆ ಬೀಳುವುದು ವ್ಯರ್ಥವೆಂದು ನಂಬಿದ್ದ ತಂದೆಯು ತಾಯಿಯ ಒತ್ತಾಸೆಯಿಂದಾಗಿ ಒಪ್ಪಿದನು. ಹಲವು ವಿಫಲ ಪ್ರಯೋಗಗಳ ಬಳಿಕ 1885ರ ಜನವರಿ 15ರಂದು ಹಿಮಹರಳೊಂದರ ಸ್ಪಷ್ಟವಾದ ಸೂಕ್ಷ್ಮಚಿತ್ರವನ್ನು ಪಡೆಯುವಲ್ಲಿ ಬೆಂಟ್ಲಿ ಯಶಸ್ವಿಯಾದನು. ಮುಂದೆ ಜೀವನದುದ್ದಕ್ಕೂ ಅವನು ಬಳಸಿದ್ದು ಇದೇ ಯಂತ್ರವನ್ನು.

2

ಬೆಂಟ್ಲಿಯ ದಿನಚರಿಯ ಕೇಂದ್ರದಲ್ಲಿದ್ದುದು ನಿರೀಕ್ಷೆ. ಪ್ರತಿದಿನದ ಹವೆಯನ್ನು ಬರೆದಿಡುವುದು ಅವನ ರೂಢಿಯಾಗಿತ್ತು. ಆ ಪ್ರದೇಶದಲ್ಲಿ ಜನವರಿಯ ನಡುವೆ ಕೆಲವೊಮ್ಮೆ ಚಳಿ ಸಡಿಲಗೊಂಡು, ತೆಂಕಣ ಗಾಳಿ ಬೀಸಿ, ಬಿದ್ದ ಹಿಮ ನೀರಾಗಿ ಹರಿಯುವುದುಂಟು. ಜನವರಿಯ ಕರಗುಗಾಲ ಎಂಬರ್ಥದ ಹೆಸರೊಂದು ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಇದಕ್ಕೆ ರೂಢವಾಗಿದೆ. ಇತರರಿಗೆ ಬಿಡುವಿನಂತಿದ್ದ ಈ ದಿನಗಳು ಬೆಂಟ್ಲಿಗೆ ಬರಿಗೈಯ ದಿನಗಳು. ಗಾಳಿ ದಿಕ್ಕು ಬದಲಿಸುವುದನ್ನೂ ಶೀತ ಮರಳುವುದನ್ನೂ ಅವನು ಕಾಯಬೇಕಿತ್ತು.

ಹಾಗೆ ಕಾದರೂ ಬಿದ್ದ ಹಿಮವೆಲ್ಲ ಅವನಿಗೆ ಉಪಯುಕ್ತವಾಗುತ್ತಿರಲಿಲ್ಲ. ಹೆಚ್ಚು ಹಿಮ ಬೀಳುವ ಹವೆ ಬೇರೆ, ಒಳ್ಳೆಯ ಹರಳು ಬೀಳುವ ಹವೆ ಬೇರೆ ಎಂಬುದನ್ನು ಅವನು ಅನುಭವದಿಂದ ಅರಿತಿದ್ದನು. ಉಷ್ಣತೆಯು ಘನೀಕರಣ ಬಿಂದುವಿನ ಸಮೀಪದಲ್ಲಿದ್ದರೆ ಹರಳುಗಳ ಅಂಚು ಕರಗಿ, ಒಂದಕ್ಕೊಂದು ಅಂಟಿ, ದೊಡ್ಡ ಹಿಮದ ಎಸಳುಗಳಾಗಿ ಬೀಳುತ್ತವೆ. ಗಾಳಿ ಬಿರುಸಾದರೆ ಹರಳುಗಳು ಮುರಿಯುತ್ತವೆ. ವ್ಯಾಪಕವಾದ ಬಿರುಗಾಳಿಯ ಯಾವ ಭಾಗವು ಊರಿನ ಮೇಲೆ ಹಾದುಹೋಗುತ್ತಿದೆ ಎಂಬುದಕ್ಕೂ ಬೀಳುವ ಹರಳಿನ ಆಕೃತಿಗೂ ಸಂಬಂಧವಿದೆಯೆಂದೂ, ಪರಿಪೂರ್ಣ ಹರಳುಗಳು ಬಹುಮಟ್ಟಿಗೆ ಬಿರುಗಾಳಿಯ ಪಶ್ಚಿಮ ಮತ್ತು ವಾಯವ್ಯ ಭಾಗಗಳಲ್ಲಿ ದೊರೆಯುತ್ತವೆಯೆಂದೂ ಅವನು ಗುರುತಿಸಿದನು. ಹರಳಿನ ರೂಪಕ್ಕೂ ಅದು ಹಾದುಬಂದ ವಾಯುಸ್ತರಗಳ ಉಷ್ಣತೆಗೂ ನಂಟಿದೆ ಎಂಬ ಅವನ ಊಹೆಯನ್ನು ನಂತರದ ಪ್ರಯೋಗಗಳು ಸಮರ್ಥಿಸಿದವು.

ಹಿಮ ಬೀಳತೊಡಗಿದಾಗ ಹೊಲಮನೆಯ ಕೆಲಸವನ್ನು ಬಿಟ್ಟು ಅವನು ಕಾಯಿಸದ ಕೊಟ್ಟಿಗೆಯೊಂದರಲ್ಲಿ ನಿಲ್ಲುತ್ತಿದ್ದನು. ಕಪ್ಪು ಹಲಗೆಯ ಮೇಲೆ ಹಿಮವನ್ನು ಹಿಡಿದು, ಬರಿಗಣ್ಣಿನಿಂದ ಪರೀಕ್ಷಿಸಿ, ತಕ್ಕದ್ದೆನಿಸದ ಹರಳುಗಳನ್ನು ಗರಿಯಿಂದ ಗುಡಿಸಿಬಿಡುತ್ತಿದ್ದನು. ಒಪ್ಪಿತವಾದುದನ್ನು ತೆಳುವಾದ ಕಡ್ಡಿಯಿಂದೆತ್ತಿ ಗಾಜಿನ ಪಟ್ಟಿಗೆಯ ಮೇಲಿಟ್ಟು ಗರಿಯಿಂದ ಮೆಲ್ಲನೆ ಒತ್ತುತ್ತಿದ್ದನು. ಈ ಅವಧಿಯಲ್ಲೆಲ್ಲ ಉಸಿರು ಬಿಗಿಹಿಡಿದಿರಬೇಕು. ಹರಳಿನ ಹಿಂದಿನಿಂದ ಬೆಳಕು ಹಾಯುವಂತೆ ಯಂತ್ರವನ್ನು ಆಗಸದತ್ತ ತಿರುಗಿಸಿ ಚಿತ್ರ ತೆಗೆಯುತ್ತಿದ್ದನು. ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿಯೂ ಹರಳು ಆವಿಯಾಗಿ ಸವೆಯುವುದರಿಂದ ಈ ಎಲ್ಲ ಕ್ರಿಯೆಗಳೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಿತ್ತು. ಗರಿಯಿಂದ ಗುಡಿಸುವ ಆ ಸಣ್ಣ ಕ್ರಿಯೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬೆಂಟ್ಲಿಯ ಸಂಗ್ರಹದ ಹಿರಿಮೆಯೂ ಮಿತಿಯೂ ಅಲ್ಲಿಂದಲೇ ಆರಂಭವಾಗುತ್ತವೆ.

3

ಮೊದಲ ಹದಿಮೂರು ವರ್ಷ ಬೆಂಟ್ಲಿಯ ಕೆಲಸ ಹೊರಜಗತ್ತಿಗೆ ಹೆಚ್ಚುಕಡಿಮೆ ಅಜ್ಞಾತವಾಗಿತ್ತು. ನೆರೆಹೊರೆಯವರು ಅವನನ್ನು ನಿರುಪದ್ರವಿಯಾದ ವಿಚಿತ್ರ ಮನುಷ್ಯನೆಂದು ಬಗೆದಿದ್ದರು. 1898ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾರ್ಜ್ ಪರ್ಕಿನ್ಸನ ಸಹಕಾರದಿಂದ ಅವನ ಮೊದಲ ಲೇಖನ ಪ್ರಕಟವಾಯಿತು. ಅಲ್ಲಿಂದ ಮುಂದೆ ಅಮೆರಿಕದ ಹವಾಮಾನ ಇಲಾಖೆಯ ಮಾಸಿಕವು ಅವನ ಬರಹಗಳಿಗೆ ತೆರೆದುಕೊಂಡಿತು. 1902ರಲ್ಲಿ ಅದರಲ್ಲಿ ಬಂದ ದೀರ್ಘ ಲೇಖನದೊಡನೆ 200ಕ್ಕೂ ಹೆಚ್ಚು ಚಿತ್ರಗಳು ಅಚ್ಚಾದವು. ತನ್ನ ಚಿತ್ರಗಳು ನಾಶವಾಗದೆ ಉಳಿಯಲೆಂಬ ಉದ್ದೇಶದಿಂದ 1903ರಲ್ಲಿ ಅವನು ಹಲವು ಪ್ರತಿಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿದನು. ಶಾಲೆಗಳಿಗೂ ವಿನ್ಯಾಸಕಾರರಿಗೂ ತಲಾ ಐದು ಸೆಂಟುಗಳಂತೆ ಚಿತ್ರಗಳನ್ನು ಮಾರುತ್ತಿದ್ದ ಅವನಿಗೆ ಅದರಿಂದ ಲಾಭವೇನೂ ಆಗಲಿಲ್ಲ.

ಅವನ ಆಸಕ್ತಿ ಹಿಮಕ್ಕೆ ಸೀಮಿತವಾಗಿರಲಿಲ್ಲ. ಇಬ್ಬನಿ, ಕಿಟಕಿಯ ಗಾಜಿನ ಮೇಲೆ ಹೆಪ್ಪುಗಟ್ಟಿದ ತೇವದ ವಿನ್ಯಾಸಗಳು, ಉತ್ತರದ ಆಗಸದ ಧ್ರುವಪ್ರಭೆ ಇವೆಲ್ಲವನ್ನೂ ಅವನು ದಾಖಲಿಸಿದನು. ಇವುಗಳಲ್ಲಿ ಮಳೆಹನಿಯ ಅಧ್ಯಯನ ಮುಖ್ಯವಾದುದು. ತಟ್ಟೆಯಲ್ಲಿ ಒಂದು ಅಂಗುಲದಷ್ಟು ಜರಡಿಯಾಡಿದ ಹಿಟ್ಟನ್ನು ಹರಡಿ, ಮಳೆಗೆ ಕೆಲವೇ ಕ್ಷಣ ಒಡ್ಡಿ, ಹನಿ ಬಿದ್ದೆಡೆ ಉಂಟಾದ ಹಿಟ್ಟಿನ ಉಂಡೆಗಳನ್ನು ಒಣಗಿಸಿ ಅಳೆಯುವುದು ಅವನ ಕ್ರಮ. ಗಾತ್ರ ಗೊತ್ತಿರುವ ಹನಿಗಳನ್ನು ಹಿಟ್ಟಿನ ಮೇಲೆ ಬೀಳಿಸಿ ಈ ಅಳತೆಯ ವಿಶ್ವಾಸಾರ್ಹತೆಯನ್ನು ಅವನು ಪರೀಕ್ಷಿಸಿಕೊಂಡಿದ್ದನು. ಮಳೆಯು ಕರಗಿದ ಹಿಮದಿಂದ ಹುಟ್ಟಬಹುದು, ಹಿಮದ ಹಂತವಿಲ್ಲದೆಯೂ ಹುಟ್ಟಬಹುದು ಎಂಬ ತೀರ್ಮಾನಕ್ಕೆ ಅವನು 1904ರಲ್ಲಿಯೇ ಬಂದಿದ್ದನು. ಈ ಪ್ರಬಂಧ ಆ ಕಾಲದ ವಿದ್ವಾಂಸರ ಗಮನವನ್ನು ಸೆಳೆಯಲಿಲ್ಲ. 1943ರಲ್ಲಿ ಮಣ್ಣಿನ ಸವಕಳಿಯ ಅಧ್ಯಯನಕ್ಕಾಗಿ ಲಾಸ್ ಮತ್ತು ಪಾರ್ಸನ್ಸ್ ಎಂಬ ಸಂಶೋಧಕರು ಹಿಟ್ಟಿನ ವಿಧಾನವನ್ನೇ ಬಳಸಿದ ಮೇಲೆ ಅದು ಸ್ಥಿರವಾದ ಮನ್ನಣೆ ಪಡೆಯಿತು. ಮಳೆಹನಿಯ ವಿಷಯದಲ್ಲಿ ಬೆಂಟ್ಲಿ ಸುಂದರವಾದುದನ್ನು ಆರಿಸಲಿಲ್ಲ, ಬಿದ್ದುದನ್ನೆಲ್ಲ ಅಳೆದನು. ಅಳೆಯುವ ಶಿಸ್ತು ಅವನಿಗೆ ತಿಳಿಯದಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

4

ಬೆಂಟ್ಲಿಯ ಹಿಮಚಿತ್ರಗಳ ಬಗ್ಗೆ ಗಂಭೀರವಾದ ಆಕ್ಷೇಪ ಬಂದುದು ಜರ್ಮನಿಯಿಂದ. ಬರ್ಲಿನ್ನಿನ ಹವಾಮಾನ ವಿಜ್ಞಾನಿ ಗುಸ್ಟಾಫ್ ಹೆಲ್‌ಮನ್ 1893ರಲ್ಲಿ ಹಿಮಹರಳುಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ್ದನು. ಅದಕ್ಕೆ ರಿಚರ್ಡ್ ನಾಯ್‌ಹೌಸ್ ತೆಗೆದ ಸೂಕ್ಷ್ಮಚಿತ್ರಗಳಲ್ಲಿ ಹರಳುಗಳು ಬಹುತೇಕ ಅಸಮವಾಗಿದ್ದವು. ಬೆಂಟ್ಲಿಯ ಚಿತ್ರಗಳಲ್ಲಿ ಕಾಣುವ ಸಮಮಿತಿ ನಿಸರ್ಗಸಹಜವಲ್ಲ, ಚಿತ್ರಫಲಕವನ್ನು ತಿದ್ದುವಾಗ ಹರಳಿನ ಅಂಚಿಗೆ ಘಾಸಿಯಾಗಿದೆ ಎಂಬುದು ಹೆಲ್‌ಮನ್ನನ ವಾದ.

ಬೆಂಟ್ಲಿ ಚಿತ್ರಗಳನ್ನು ತಿದ್ದುತ್ತಿದ್ದುದು ನಿಜ. ಬೆಳಕಿನ ಹಿನ್ನೆಲೆಯಲ್ಲಿ ಬಿಳಿಯ ಹರಳು ಎದ್ದು ಕಾಣದ ಕಾರಣ ಮೂಲ ಗಾಜುಫಲಕದಿಂದ ಮತ್ತೊಂದು ಪ್ರತಿಯನ್ನು ಮಾಡಿಕೊಂಡು, ಹರಳಿನ ಸುತ್ತಲಿನ ಲೇಪವನ್ನು ಚೂರಿಯಿಂದ ಕೆರೆದು ತೆಗೆಯುತ್ತಿದ್ದನು. ಆಗ ಮುದ್ರಿತ ಚಿತ್ರದಲ್ಲಿ ಹಿನ್ನೆಲೆ ಕಪ್ಪಾಗಿ ಮೂಡುತ್ತಿತ್ತು. ನಿಸರ್ಗದ ರೂಪವನ್ನು ಸ್ಪಷ್ಟವಾಗಿ ತೋರಿಸುವುದಕ್ಕೇ ಈ ಕ್ರಮವೆಂದು ಅವನು ಸಮರ್ಥಿಸಿಕೊಂಡನು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಅವನು ಮೂಲಪ್ರತಿಯನ್ನು ಮುಟ್ಟದೆ ಪರಿಷ್ಕೃತ ಪಾಠವೊಂದನ್ನು ಸಿದ್ಧಪಡಿಸಿದನು. ಆದರೆ ಲೋಕಕ್ಕೆ ದೊರೆತದ್ದು ಪರಿಷ್ಕೃತ ಪಾಠವೇ. ತಿದ್ದುಪಡಿಯ ಗೆರೆ ಎಲ್ಲಿ ಹಾದಿದೆಯೆಂಬ ಸೂಚನೆ ಮುದ್ರಿತ ಚಿತ್ರದಲ್ಲಿ ಇಲ್ಲ.

ತಿದ್ದುಪಡಿಗಿಂತ ಆಯ್ಕೆಯ ಪ್ರಶ್ನೆ ಆಳವಾದುದು. ನಿಸರ್ಗದಲ್ಲಿ ಬೀಳುವ ಹರಳುಗಳಲ್ಲಿ ಬಹುಪಾಲು ಮುರಿದವು, ಅಸಮವಾದವು, ಒಂದಕ್ಕೊಂದು ಅಂಟಿದವು. ಆರು ತೋಳುಗಳ ಪರಿಪೂರ್ಣ ನಕ್ಷತ್ರಗಳು ಅಪವಾದ. ಬೆಂಟ್ಲಿ ಅಪವಾದಗಳನ್ನೇ ಪ್ರಧಾನವಾಗಿ ಉಳಿಸಿಕೊಂಡನು. ಇಂಪಾದ ಪಾಠವನ್ನಷ್ಟೇ ಬರೆದುಕೊಂಡು ತೊಡರಿದ, ತುಂಡಾದ ಪಾಠಗಳನ್ನು ಕೈಬಿಡುವ ಜಾನಪದ ಸಂಗ್ರಹಕಾರನ ಸ್ಥಿತಿ ಇದಕ್ಕೆ ಸಮೀಪವಾದುದು. ಅಂಥ ಸಂಗ್ರಹದಲ್ಲಿ ಸುಳ್ಳು ಇರುವುದಿಲ್ಲ. ಆದರೆ ಪ್ರಮಾಣ ತಪ್ಪಿರುತ್ತದೆ. ಹರಳುಗಳ ಅನನ್ಯತೆಯ ಮಾತಿಗೂ ಇದು ಅನ್ವಯಿಸುತ್ತದೆ. ಜಟಿಲವಾದ ನಕ್ಷತ್ರಗಳ ವಿಷಯದಲ್ಲಿ ಅದು ಸರಿಯಾಗಿ ನಿಲ್ಲುತ್ತದೆ. ಸರಳ ಆಕೃತಿಗಳ ವಿಷಯ ಹಾಗಲ್ಲ: ಅಮೆರಿಕದ ಸಂಶೋಧಕಿ ನ್ಯಾನ್ಸಿ ನೈಟ್ 1988ರಲ್ಲಿ ಪ್ರಕಟಿಸಿದ ಜೋಡಿ ಸ್ತಂಭಾಕಾರದ ಹರಳುಗಳು ನೋಟಕ್ಕೆ ಒಂದೇ ತೆರನಾಗಿದ್ದವು. ಬೆಂಟ್ಲಿಯ ಹಲಗೆಯ ಮೇಲೆ ಗರಿಗೆ ಗುರಿಯಾಗುತ್ತಿದ್ದುದು ಮುಖ್ಯವಾಗಿ ಇಂಥ ಅನಾಕರ್ಷಕ ರೂಪಗಳೇ.

5

ಬದುಕಿನ ಕೊನೆಯ ದಶಕದಲ್ಲಿ ಬೆಂಟ್ಲಿಗೆ ವಿದ್ವದ್ವಲಯದ ಮನ್ನಣೆ ದೊರೆಯಿತು. 1920ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನ ಸಂಘವು ಅವನನ್ನು ಫೆಲೊ ಆಗಿ ಆರಿಸಿತು. 1924ರಲ್ಲಿ ಅದೇ ಸಂಘ ತನ್ನ ಮೊದಲ ಸಂಶೋಧನಾ ಅನುದಾನವನ್ನು ಅವನಿಗೆ ನೀಡಿತು. ಮೊತ್ತ 25 ಡಾಲರ್. ಹವಾಮಾನ ಇಲಾಖೆಯ ಭೌತವಿಜ್ಞಾನಿ ವಿಲಿಯಂ ಹಂಫ್ರೀಸನ ಪೀಠಿಕೆಯೊಡನೆ 2,400ಕ್ಕೂ ಹೆಚ್ಚು ಚಿತ್ರಗಳನ್ನುಳ್ಳ ಅವನ ಬೃಹದ್ಗ್ರಂಥ 1931ರ ನವೆಂಬರಿನಲ್ಲಿ ಹೊರಬಂದಿತು. ಮುಂದಿನ ತಿಂಗಳು ಕರಗಿದ ಹಿಮ ತುಂಬಿದ ದಾರಿಯಲ್ಲಿ, ಹಿಮಗಾಳಿಯ ನಡುವೆ ಅವನು ಸುಮಾರು ಆರು ಮೈಲಿ ನಡೆದು ಮನೆ ಸೇರಿದನು. ಇದರ ಬೆನ್ನಲ್ಲೇ ನ್ಯುಮೋನಿಯಾಕ್ಕೆ ತುತ್ತಾಗಿ ಡಿಸೆಂಬರ್ 23ರಂದು ತೀರಿಕೊಂಡನು. ಅವಿವಾಹಿತನಾಗಿಯೇ ಉಳಿದ ಅವನ ಕೊನೆಯ ದಿನಗಳು ಕಳೆದುದು ಹುಟ್ಟಿದೂರಿನ ತೋಟದ ಮನೆಯಲ್ಲಿಯೇ. ಅವನ ಗಾಜುಫಲಕಗಳ ದೊಡ್ಡ ಸಂಗ್ರಹ ಮುಂದೆ ಬಫಲೊ ನಗರದ ವಿಜ್ಞಾನ ವಸ್ತುಸಂಗ್ರಹಾಲಯವನ್ನು ಸೇರಿತು.

ಅವನ ಗ್ರಂಥ ಜಪಾನಿನ ಹೊಕ್ಕೈಡೊ ದ್ವೀಪದಲ್ಲಿದ್ದ ತರುಣ ಭೌತವಿಜ್ಞಾನಿ ಉಕಿಚಿರೊ ನಕಾಯನ ಕೈಸೇರಿದ್ದು ಈ ಚರಿತ್ರೆಯ ಮುಂದಿನ ಘಟ್ಟ. ಆ ಚಿತ್ರಗಳಿಂದ ಪ್ರೇರಿತನಾದ ನಕಾಯ 1932ರಿಂದ ಹಿಮದ ಅಧ್ಯಯನಕ್ಕೆ ತೊಡಗಿದನು. ಬೆಂಟ್ಲಿ ಕೈಬಿಟ್ಟ ಕಡೆಯಿಂದಲೇ ಅವನ ಕೆಲಸ ಮೊದಲಾಯಿತು. ಬೀಳುವ ಹರಳುಗಳನ್ನು ಅಂದಚಂದದ ಭೇದವಿಲ್ಲದೆ ಚಿತ್ರಿಸಿ, ಅಸಮ ರೂಪಗಳನ್ನೂ ಒಳಗೊಂಡ ವರ್ಗೀಕರಣವೊಂದನ್ನು ಅವನು ರೂಪಿಸಿದನು. 1936ರ ಮಾರ್ಚ್ 12ರಂದು ಶೀತಲ ಕೋಣೆಯಲ್ಲಿ ಮೊಲದ ಕೂದಲೊಂದರ ತುದಿಯಲ್ಲಿ ಕೃತಕ ಹಿಮಹರಳನ್ನು ಬೆಳೆಸುವುದರಲ್ಲಿ ಯಶಸ್ವಿಯಾದನು. ಯಾವ ಉಷ್ಣತೆ ಮತ್ತು ಆರ್ದ್ರತೆಯಲ್ಲಿ ಸೂಜಿ, ಫಲಕ, ನಕ್ಷತ್ರಗಳು ರೂಪುಗೊಳ್ಳುತ್ತವೆ ಎಂಬುದನ್ನು ಅವನ ನಕ್ಷೆ ತೋರಿಸಿಕೊಟ್ಟಿತು. ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿನ ಆಸುಪಾಸಿನಲ್ಲಿ ಕವಲೊಡೆದ ನಕ್ಷತ್ರಗಳೂ, 5 ಡಿಗ್ರಿ ಕೆಳಗಿನ ಆಸುಪಾಸಿನಲ್ಲಿ ಸೂಜಿ, ಸ್ತಂಭಗಳೂ ಬೆಳೆಯುತ್ತವೆಂದು ಈಗ ತಿಳಿದಿದೆ. ಕರಗುಗಾಲ ಕಳೆದು ಶೀತ ಮರಳುವುದನ್ನು ಬೆಂಟ್ಲಿ ಏಕೆ ಕಾಯಬೇಕಾಯಿತು ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಬೆಂಟ್ಲಿಯ ಸಂಗ್ರಹವನ್ನು ಹಿಮದ ಸಮಗ್ರ ದಾಖಲೆಯೆಂದು ಓದಿದರೆ ದಾರಿ ತಪ್ಪಿದಂತೆ. ಹಿಮವು ತಲುಪಬಲ್ಲ ರೂಪಗಳ ದಾಖಲೆಯೆಂದು ಓದಿದರೆ ಅದರ ಬೆಲೆ ಇಂದಿಗೂ ಕುಂದಿಲ್ಲ. ಹೆಲ್‌ಮನ್ನನ ಆಕ್ಷೇಪ ಸತ್ಯಾಂಶವುಳ್ಳದ್ದು. ಆದರೂ ಮುಂದಿನ ಸಂಶೋಧಕನೊಬ್ಬನನ್ನು ಹಿಮದತ್ತ ಸೆಳೆದದ್ದು ಆ ಆಯ್ದ ಚಿತ್ರಗಳೇ ಎಂಬುದೂ ಅಷ್ಟೇ ಸತ್ಯ. ತಿದ್ದಿದ ಪ್ರತಿಗಳ ಜೊತೆಗೆ ತಿದ್ದದ ಮೂಲಫಲಕಗಳನ್ನೂ ಬೆಂಟ್ಲಿ ಕಾದಿರಿಸಿದ್ದನು. ಅವನ ಕೆಲಸವನ್ನು ಮರುಪರಿಶೀಲಿಸುವ ಅವಕಾಶ ಈ ಎಚ್ಚರದಿಂದಾಗಿ ಉಳಿದುಬಂದಿದೆ.