ಮರಳು ದಿಬ್ಬದ ಲತೀಫ

ಸಿಂಧ್ ಪ್ರಾಂತದ ಭಿಟ್ ಶಾ ಎಂಬ ಊರಿನಲ್ಲಿ ಸಫರ್ ತಿಂಗಳ 14ನೇ ತಾರೀಖಿಗೆ ಉರುಸು ಶುರು. ಮೂರು ದಿನದ ಜಾತ್ರೆ. ಚಾಂದ್ರಮಾನದ ಲೆಕ್ಕವಾದ್ದರಿಂದ ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ, 33 ವರ್ಷಕ್ಕೊಮ್ಮೆ ಬಿಸಿಲು, ಮಳೆ, ಚಳಿ ಎಲ್ಲವನ್ನೂ ಸುತ್ತಿ ಬರುತ್ತದೆ. (ಕಾಮರ್ಸಿನವನಿಗೆ ಲೆಕ್ಕವೇ ಮೊದಲು ಕಾಣೋದು, ನಗಬೇಡಿ.) ಉರುಸು ಅಂದರೆ ಮದುವೆ. ಸಂತ ತೀರಿಕೊಂಡ ದಿನ ಅವನು ದೇವರನ್ನು ಕೂಡಿದ ದಿನ ಎಂಬ ಭಾವ. ಆ ಸಂತ ಶಾ ಅಬ್ದುಲ್ ಲತೀಫ, ಸಿಂಧಿ ಭಾಷೆಯ ಅತಿ ದೊಡ್ಡ ಕವಿ.

ಹುಟ್ಟಿದ್ದು 1689ರ ಸುಮಾರಿಗೆ, ಹಾಲಾ ಪಟ್ಟಣದ ಹತ್ತಿರ, ಸಯ್ಯದರ ಮನೆತನದಲ್ಲಿ. ಹರೆಯದಲ್ಲಿ ಒಬ್ಬ ಸಿರಿವಂತ ಮಿರ್ಜಾನ ಮಗಳಿಗೆ ಮನಸೋತ. ಹುಡುಗಿಯ ತಂದೆ ಒಪ್ಪಲಿಲ್ಲ. ಲತೀಫ ಮನೆ ಬಿಟ್ಟು ಜೋಗಿಗಳ ಹಿಂದೆ ಹೊರಟ. ಮುಂದೆ ಅದೇ ಹುಡುಗಿಯ ಜೊತೆ ಮದುವೆಯಾಯಿತು, ಮಕ್ಕಳಾಗಲಿಲ್ಲ. ಆದರೆ ಅವನ ನಿಜವಾದ ವಿದ್ಯಾಭ್ಯಾಸ ಆ ಅಲೆದಾಟವೇ ಅಂತ ನನ್ನ ಅನಿಸಿಕೆ.

ಸಯ್ಯದರ ಹುಡುಗ, ಜೊತೆಗಾರರು ಕಾವಿಯ ಜೋಗಿಗಳು! ಬಲೂಚಿಸ್ತಾನದ ಹಿಂಗ್ಲಾಜ್ ದೇವಿಯ ಗುಹೆ, ಥಾರ್ ಮರುಭೂಮಿ, ಜೈಸಲ್ಮೇರ್, ಕಚ್ಛದ ಲಖ್‌ಪತ್, ಗಿರ್ನಾರ್ ಎಲ್ಲವನ್ನೂ ನಡೆದೇ ನೋಡಿದ ಅಂತಾರೆ. ಇವತ್ತು ಅದೇ ದಾರಿಯ ನಡುವೆ ಎರಡು ದೇಶಗಳ ಮುಳ್ಳುತಂತಿ ಇದೆ. ಅವನು ದಾರಿಯುದ್ದಕ್ಕೂ ಕುರಿ ಕಾಯುವವರ, ಬೆಸ್ತರ, ನೂಲುವ ಹೆಂಗಸರ ಮಾತು ಕೇಳಿಸಿಕೊಂಡ. ಆಗ ಆಸ್ಥಾನದ ಭಾಷೆ ಪಾರಸಿ, ಅವನು ಬರೆದದ್ದು ಮಾತ್ರ ಸಿಂಧಿಯಲ್ಲಿ.

ಅವನ ಕಾವ್ಯದ ನಾಯಕಿಯರಲ್ಲಿ ನನಗೆ ಹಿಡಿಸಿದವಳು ಮಾರುಯಿ. ಥಾರ್‌ನ ಬಡ ಹುಡುಗಿ. ಉಮರಕೋಟೆಯ ದೊರೆ ಉಮರ ಅವಳನ್ನು ಹೊತ್ತೊಯ್ದು ಕೋಟೆಯಲ್ಲಿಡುತ್ತಾನೆ. ರೇಷ್ಮೆ ಕೊಟ್ಟರೆ ಮುಟ್ಟಳು. ತನ್ನ ತೇಪೆ ಹಾಕಿದ ಕಂಬಳಿಯೇ ಸಾಕು ಅಂತಾಳೆ. ಊರ ಕಡೆ ಮಳೆಯಾಯಿತೋ, ಹುಲ್ಲು ಚಿಗುರಿತೋ ಅನ್ನುವುದೇ ಅವಳ ಚಿಂತೆ. ಕೊನೆಗೆ ದೊರೆಯೇ ಸೋತು ಕಳಿಸಿಕೊಡುತ್ತಾನೆ. 1947ರ ನಂತರ ಸಿಂಧ್ ಬಿಟ್ಟು ಬಂದ ಸಾವಿರಾರು ಜನ ನಮ್ಮ ಮುಂಬಯಿಯ ಪಕ್ಕ, ಕಲ್ಯಾಣದ ಮಿಲಿಟರಿ ಕ್ಯಾಂಪಿನ ಬ್ಯಾರಕ್‌ಗಳಲ್ಲಿ ಸಂಸಾರ ಹೂಡಿದರು. ಅದೇ 1949ರಲ್ಲಿ ಉಲ್ಹಾಸನಗರವಾಯಿತು. ಅವರಿಗೆ ಮಾರುಯಿ ಬರೀ ಕಥೆಯಾಗಿರಲಾರಳು. ನನ್ನ ತರಗತಿಯ ಸಿಂಧಿ ಗೆಳತಿಗೆ ಲತೀಫನ ಹೆಸರು ಗೊತ್ತು, ಅವನ ಪುಸ್ತಕದ ಲಿಪಿ ಓದಲು ಬಾರದು. ಅವಳ ಅಜ್ಜಿಗೆ ಬರುತ್ತದೆ. ನನ್ನ ತಮ್ಮನಿಗೂ ಕನ್ನಡ ಅಕ್ಷರ ಬಾರದು, ಈ ಪುಟವನ್ನು ನಾನೇ ಓದಿ ಹೇಳಬೇಕು.

ಕಡೆಗಾಲದಲ್ಲಿ ಲತೀಫ ಮುಳ್ಳುಪೊದೆಗಳ ಮರಳು ದಿಬ್ಬವೊಂದರಲ್ಲಿ ನೆಲೆನಿಂತ. ಭಿಟ್ ಅಂದರೆ ದಿಬ್ಬವೇ. ಐದು ತಂತಿಯ ತಂಬೂರಿ ಅವನೇ ರೂಪಿಸಿದ್ದು ಅಂತ ಹೇಳುತ್ತಾರೆ. ಕುರಾನು, ರೂಮಿಯ ಮಸ್ನವಿ, ತನ್ನ ಪೂರ್ವಜ ಶಾ ಕರೀಮನ ಪದ್ಯಗಳು, ಈ ಮೂರು ಸದಾ ಜೊತೆಗಿದ್ದವಂತೆ. ತೀರಿಕೊಂಡದ್ದು 1752ರಲ್ಲಿ. ಗೋರಿಯ ಮೇಲೆ ಗುಮ್ಮಟ ಕಟ್ಟಿಸಿದವನು ಸಿಂಧಿನ ದೊರೆ ಗುಲಾಂ ಶಾ ಕಲ್ಹೋರಾ. ಹಾಡುಗಳು ಮೊದಲು ಅಚ್ಚಾದದ್ದು 1866ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಟ್ರಂಪ್ ಎಂಬ ಜರ್ಮನ್ ಪಂಡಿತನ ಕೆಲಸ ಅದು. ಅಲ್ಲಿಯವರೆಗೆ ಫಕೀರರ ಗಂಟಲಲ್ಲಿ, ಕೈಬರಹದ ಪ್ರತಿಗಳಲ್ಲಿ ಉಳಿದಿದ್ದವು.

ಉರುಸು ಇರಲಿ ಇಲ್ಲದಿರಲಿ, ಗೋರಿಯೆದುರು ರಾತ್ರಿ ಕರಿ ನಿಲುವಂಗಿಯ ಫಕೀರರು ಕೂತು, ಹೆಣ್ಣುದನಿಯಷ್ಟು ಏರಿಸಿ ಹಾಡುತ್ತಾರೆ. ಗಡಿಯ ಈಚೆ, ಕಚ್ಛದ ಬನ್ನಿ ಹುಲ್ಲುಗಾವಲಿನ ದನಗಾಹಿಗಳಲ್ಲೂ ಅವೇ ಹಾಡುಗಳಿವೆ.